ಮಿಕ್ಸರ್ ಜೋಡಿಸುವುದು ಹೇಗೆ: ವೇದಿಕೆಗೂ ಮನೆಯ ರೆಕಾರ್ಡಿಂಗ್‌ಗೂ

ಹಲವು ಮೈಕ್, ವಾದ್ಯಗಳ ಧ್ವನಿಯನ್ನು ಬೆರೆಸುವ ಹದಿನಾರು ಚಾನಲ್‌ಗಳ ಮಿಕ್ಸರ್ ಎದುರು ಮೊದಲ ಸಲ ಕುಳಿತಾಗ ಕೈ ಎಲ್ಲಿಡಬೇಕೆಂದೇ ತೋಚುವುದಿಲ್ಲ. ಸಾಲುಸಾಲಾಗಿ ತಿರುಗಿಸುವ ಗುಂಡಿಗಳು, ಒತ್ತುವ ಸ್ವಿಚ್‌ಗಳು, ಮಿನುಗುವ ದೀಪಗಳು. ಸ್ವಲ್ಪ ಹೊತ್ತು ನೋಡಿದರೆ ಗುಟ್ಟು ಬಿಟ್ಟುಕೊಡುತ್ತದೆ: ಮೇಲಿನಿಂದ ಕೆಳಕ್ಕೆ ಇಳಿಯುವ ಒಂದೇ ಪಟ್ಟಿ, ಅಂದರೆ ಒಂದು ಚಾನಲ್, ಹದಿನಾರು ಸಲ ಪಕ್ಕಪಕ್ಕ ಕೂತಿದೆ, ಅಷ್ಟೆ. ಒಂದು ಪಟ್ಟಿ ತಿಳಿದರೆ ಮಿಕ್ಸರ್‌ನ ಮುಕ್ಕಾಲು ಪಾಲು ತಿಳಿದಂತೆ. ಉಳಿದ ಕಾಲು ಪಾಲು, ಆ ಪಟ್ಟಿಗಳಿಂದ ಹೊರಟ ಧ್ವನಿ ಎಲ್ಲೆಲ್ಲಿ ಹೋಗಿ ಸೇರುತ್ತದೆ ಎಂಬುದು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ‘ಸೌಂಡ್ ಸರಿಯಿಲ್ಲ, ಸ್ವಲ್ಪ ಬಂದು ನೋಡಿ’ ಎಂದು ಕರೆದ ಕಡೆಗೆಲ್ಲ ಹೋಗಿ ನೋಡಿದ್ದೇನೆ. ಬಹಳ ಸಲ ತಪ್ಪು ಇರುತ್ತಿದ್ದದ್ದು ಈಕ್ವಲೈಜರ್‌ನಲ್ಲೂ ಅಲ್ಲ, ಸ್ಪೀಕರ್‌ನಲ್ಲೂ ಅಲ್ಲ. ಪಟ್ಟಿಯ ಮೇಲ್ತುದಿಯಲ್ಲಿ ಕೂತ, ಒಳಬರುವ ಧ್ವನಿಯ ಮಟ್ಟ ಹೊಂದಿಸುವ ಗೇನ್ ಗುಂಡಿಯಲ್ಲಿ. ಅದಕ್ಕೇ ಇಲ್ಲಿ ಗೇನ್‌ಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಧ್ವನಿ ಸಾಗುವ ದಾರಿ

ಮೈಕ್‌ನ ಸಿಗ್ನಲ್ ಚಾನಲ್‌ನ ನೆತ್ತಿಯಲ್ಲಿರುವ ಜ್ಯಾಕ್‌ಗೆ ಇಳಿಯುತ್ತದೆ. ಅಲ್ಲಿಂದ ಗೇನ್, ಅದನ್ನು ದಾಟಿದರೆ ತೀರ ತಗ್ಗಿನ ಸ್ವರಗಳನ್ನು ತಡೆಯುವ ಲೋ ಕಟ್ ಸ್ವಿಚ್, ಆಮೇಲೆ ಹೈ, ಮಿಡ್, ಲೋ ಎಂದು ಬರೆದಿರುವ, ಎತ್ತರ ತಗ್ಗಿನ ಸ್ವರಗಳನ್ನು ಏರಿಸಿ ಇಳಿಸುವ ಈಕ್ವಲೈಜರ್ ಗುಂಡಿಗಳು, ಅವುಗಳ ಕೆಳಗೆ ಆಕ್ಸ್, ಧ್ವನಿಯನ್ನು ಎಡಕ್ಕೋ ಬಲಕ್ಕೋ ವಾಲಿಸುವ ಪ್ಯಾನ್, ಸದ್ದಡಗಿಸುವ ಮ್ಯೂಟ್, ಕೊನೆಗೆ ಜಾರಿಸುವ ಫೇಡರ್. ಎಲ್ಲ ಫೇಡರ್‌ಗಳನ್ನು ದಾಟಿದ ಧ್ವನಿ ಮೇನ್ ಫೇಡರ್‌ನಲ್ಲಿ ಒಂದಾಗಿ ಸ್ಪೀಕರ್‌ಗೆ ಹೋಗುತ್ತದೆ.

ಇದನ್ನು ಗದ್ದೆಗೆ ನೀರು ಹಾಯಿಸುವ ಕಾಲುವೆಯಂತೆ ನೋಡಿ. ಗೇನ್ ಎಂಬುದು ತೂಬು, ಎಷ್ಟು ನೀರು ಒಳಗೆ ಬರಬೇಕೆಂದು ಅದೇ ತೀರ್ಮಾನಿಸುತ್ತದೆ. ಫೇಡರ್ ಕೊನೆಯ ಮಡೆ. ಆಕ್ಸ್ ನಡುದಾರಿಯಲ್ಲಿ ಕಡಿದ ಕಿರುಗಾಲುವೆ, ಅದರ ನೀರು ಬೇರೆ ಗದ್ದೆಗೆ. ತೂಬಿನಲ್ಲೇ ಕೆಸರು ಬಂದರೆ ಕೊನೆಯ ಮಡೆಯಲ್ಲಿ ಏನು ಮಾಡಿದರೂ ನೀರು ತಿಳಿಯಾಗದು.

ಈ ದಾರಿ ತಲೆಯಲ್ಲಿದ್ದರೆ ಧ್ವನಿ ನಿಂತುಹೋದಾಗ ಕೈಗೆ ಸಿಕ್ಕ ಗುಂಡಿಯನ್ನೆಲ್ಲ ತಿರುಗಿಸುವ ಪ್ರಮೇಯ ಬರುವುದಿಲ್ಲ. ಮೊದಮೊದಲು ನಾನು ಒಂದು ಕಾರ್ಯಕ್ರಮದಲ್ಲಿ ಅರ್ಧ ಗಂಟೆ ಕೇಬಲ್ ಬದಲಿಸಿದೆ, ಮೈಕ್ ಬದಲಿಸಿದೆ, ಚಾನಲ್ ಬದಲಿಸಿದೆ. ಮೀಟರ್‌ನಲ್ಲಿ ಸಿಗ್ನಲ್ ಕುಣಿಯುತ್ತಿತ್ತು, ಸ್ಪೀಕರ್‌ನಲ್ಲಿ ಸದ್ದಿಲ್ಲ. ಕೊನೆಗೆ ನೋಡಿದರೆ ಫೇಡರ್ ಪಕ್ಕದ ‘ಎಲ್-ಆರ್’ ಸ್ವಿಚ್ ಒತ್ತಿರಲಿಲ್ಲ. ಹಲವು ಚಾನಲ್‌ಗಳನ್ನು ಒಟ್ಟುಗೂಡಿಸುವ ಗ್ರೂಪ್‌ಗಳಿರುವ ಮಿಕ್ಸರ್‌ಗಳಲ್ಲಿ ಚಾನಲ್ ಎಲ್ಲಿಗೆ ಹೋಗಬೇಕೆಂದು ಆ ಸ್ವಿಚ್‌ನಿಂದಲೇ ಹೇಳಬೇಕು. ಮೀಟರ್ ಕುಣಿಯುತ್ತಿದೆ ಎಂದರೆ ಮೈಕೂ ಕೇಬಲ್ಲೂ ಸರಿಯಿವೆ, ತಡೆ ಇರುವುದು ಅದರ ಕೆಳಗೆ ಎಂದು ಅವತ್ತೇ ತರ್ಕಿಸಬಹುದಿತ್ತು.

ಯಾವ ಕೇಬಲ್ ಎಲ್ಲಿಗೆ

ಮೈಕ್‌ಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್. ಇದನ್ನು ಮೊದಲು ತಯಾರಿಸಿದ ಕಂಪನಿಯ ಹೆಸರಿನಿಂದ ಕೆಲವರು ಇಂದಿಗೂ ಕ್ಯಾನನ್ ಎಂದೇ ಕರೆಯುತ್ತಾರೆ. 1ನೇ ಪಿನ್ ಶೀಲ್ಡ್. 2 ಮತ್ತು 3ನೇ ಪಿನ್‌ಗಳಲ್ಲಿ ಒಂದೇ ಧ್ವನಿ ಒಂದಕ್ಕೊಂದು ತಿರುವುಮುರುವಾಗಿ ಸಾಗುತ್ತದೆ. ದಾರಿಯಲ್ಲಿ ಸೇರಿಕೊಳ್ಳುವ ಗದ್ದಲ ಎರಡೂ ತಂತಿಗಳ ಮೇಲೆ ಒಂದೇ ಥರ ಕೂರುತ್ತದೆ. ಮಿಕ್ಸರ್ ಈ ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ ಎರಡಕ್ಕೂ ಸಮನಾದ ಗದ್ದಲ ಕಳೆದುಹೋಗಿ ಧ್ವನಿ ಉಳಿಯುತ್ತದೆ. ಬ್ಯಾಲೆನ್ಸ್ಡ್ ಎನ್ನುವುದು ಇದಕ್ಕೇ. ಇದರ ಬಲದಿಂದಲೇ ಮೈಕ್‌ನ ಅಷ್ಟು ಸಣ್ಣ ಸಿಗ್ನಲ್ ಮೂವತ್ತು, ಐವತ್ತು ಮೀಟರ್ ದೂರವನ್ನೂ ಸ್ವಚ್ಛವಾಗಿ ದಾಟುತ್ತದೆ.

6.35 ಮಿಲಿಮೀಟರ್ ಜ್ಯಾಕ್‌ನಲ್ಲಿ ಎರಡು ಜಾತಿ. ತುದಿಯಲ್ಲಿ ಒಂದು ಕಪ್ಪು ಪಟ್ಟೆಯಿದ್ದರೆ ಟಿಎಸ್, ಎರಡಿದ್ದರೆ ಟಿಆರ್‌ಎಸ್. ಟಿಎಸ್ ಬ್ಯಾಲೆನ್ಸ್ಡ್ ಅಲ್ಲ, ಆದ್ದರಿಂದ ಐದಾರು ಮೀಟರ್‌ಗಿಂತ ಉದ್ದ ಎಳೆಯಬೇಡಿ. ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಆಗಿಸುವ ಭಾಗ) ಇರುವ ಗಿಟಾರ್ ವೇದಿಕೆಯ ಮೇಲಿದ್ದು ಮಿಕ್ಸರ್ ದೂರದಲ್ಲಿದ್ದರೆ ನಡುವೆ ಡಿಐ ಬಾಕ್ಸ್ ಬೇಕೇ ಬೇಕು. ಪಿಕಪ್‌ನ ಹೈ ಇಂಪಿಡೆನ್ಸ್ ಸಿಗ್ನಲ್ಲನ್ನು ಅದು ಮೈಕ್ ಕೇಬಲ್‌ನಲ್ಲಿ ಸಾಗಬಲ್ಲ ಬ್ಯಾಲೆನ್ಸ್ಡ್ ಸಿಗ್ನಲ್ ಆಗಿ ಬದಲಿಸುತ್ತದೆ. ಗಿಟಾರ್ ಧ್ವನಿ ಮಂಕಾಗಿ, ಕಂಬಳಿ ಹೊದ್ದಂತೆ ಕೇಳುತ್ತಿದ್ದರೆ ಡಿಐ ಇಲ್ಲದೆ ನೇರ ಚುಚ್ಚಿದ್ದಾರೆಯೇ ಎಂದು ಮೊದಲು ನೋಡಿ.

ಕೀಬೋರ್ಡ್, ಫೋನ್, ಲ್ಯಾಪ್‌ಟಾಪ್‌ಗಳು ಲೈನ್ ಲೆವೆಲ್. ಮೈಕ್‌ನಿಂದ ಬರುವುದು ವೋಲ್ಟಿನ ಸಾವಿರದ ಕೆಲವು ಭಾಗ. ಲೈನ್ ಲೆವೆಲ್ ಎಂದರೆ ವೃತ್ತಿಪರ ಉಪಕರಣಗಳಲ್ಲಿ ಸುಮಾರು 1.23 ವೋಲ್ಟ್, ಮನೆಬಳಕೆಯ ಉಪಕರಣಗಳಲ್ಲಿ ಸುಮಾರು 0.3 ವೋಲ್ಟ್. ಆದ್ದರಿಂದ ಇವಕ್ಕೆ ಲೈನ್ ಎಂದು ಬರೆದ ಜ್ಯಾಕ್. ಕೀಬೋರ್ಡನ್ನು ಮೈಕ್ ಜ್ಯಾಕ್‌ಗೆ ಹಾಕಿದರೆ ಗೇನ್ ಪೂರ್ತಿ ಇಳಿಸಿದರೂ ಧ್ವನಿ ಒಡೆಯಬಹುದು.

ಫೋನ್ ಜೋಡಿಸುವಾಗ ಒಂದು ಬಲೆ ಇದೆ. ಎರಡೂ ತುದಿಯಲ್ಲಿ ಸ್ಟೀರಿಯೊ ಜ್ಯಾಕ್ ಇರುವ ಕೇಬಲ್ಲನ್ನು ಒಂದೇ ಚಾನಲ್‌ನ ಬ್ಯಾಲೆನ್ಸ್ಡ್ ಲೈನ್ ಜ್ಯಾಕ್‌ಗೆ ಹಾಕಿದರೆ ಸಂಗೀತ ಕೇಳಿಸುತ್ತದೆ, ಹಾಡುವವರ ಧ್ವನಿ ಮಾಯ! ಮಿಕ್ಸರ್ ಎಡಬಲಗಳ ವ್ಯತ್ಯಾಸವನ್ನು ತೆಗೆದುಕೊಳ್ಳುತ್ತದಲ್ಲ, ಎರಡರಲ್ಲೂ ಸಮನಾಗಿರುವ ಗಾಯನ ಗದ್ದಲದಂತೆಯೇ ಕಳೆದುಹೋಗುತ್ತದೆ. ಒಂದು ಸ್ಟೀರಿಯೊ ಜ್ಯಾಕ್ ಎರಡು ಮೋನೊ ಜ್ಯಾಕ್‌ಗಳಾಗಿ ಕವಲೊಡೆಯುವ ಕೇಬಲ್ ತಂದು ಮಿಕ್ಸರ್‌ನ ಸ್ಟೀರಿಯೊ ಚಾನಲ್‌ಗೆ ಹಾಕಿ.

ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗೆ ಹೋಗುವ ಕೇಬಲ್ ಬೇರೆಯದೇ. ಗಿಟಾರ್ ಕೇಬಲ್ ಜ್ಯಾಕ್ ಒಂದೇ ರೀತಿ ಇದೆಯೆಂದು ಅಲ್ಲಿ ಬಳಸಬೇಡಿ. ಅದರ ಸಣ್ಣ ತಂತಿ ಅಷ್ಟು ಕರೆಂಟ್ ತಾಳದೆ ಬಿಸಿಯಾಗುತ್ತದೆ.

ಸ್ವಿಚ್ ಹಾಕುವ ಮೊದಲು

ಎಲ್ಲ ಫೇಡರ್ ಕೆಳಗೆ. ಗೇನ್‌ಗಳೆಲ್ಲ ಎಡತುದಿಗೆ. ಈಕ್ವಲೈಜರ್ ಗುಂಡಿಗಳು ನಟ್ಟನಡುವೆ, ಅಂದರೆ 12 ಗಂಟೆಯ ಜಾಗದಲ್ಲಿ. ಆಕ್ಸ್ ಎಲ್ಲ ಸೊನ್ನೆ. ಹಿಂದಿನವರು ಒತ್ತಿ ಬಿಟ್ಟಿರುವ ಸ್ವಿಚ್‌ಗಳನ್ನೆಲ್ಲ ಮೇಲೆಬ್ಬಿಸಿ. ಇದಕ್ಕೆ ಎರಡು ನಿಮಿಷ ಸಾಕು, ಇದನ್ನು ಬಿಟ್ಟದ್ದಕ್ಕೆ ಆಮೇಲೆ ತಲೆಕೆಡಿಸಿಕೊಂಡ ಸಂಜೆಗಳು ನನಗೆ ನೆನಪಿವೆ.

ಪವರ್ ಕೊಡುವ ಕ್ರಮ: ಮೊದಲು ಕೀಬೋರ್ಡ್‌ನಂಥ ವಾದ್ಯಗಳು, ಆಮೇಲೆ ಮಿಕ್ಸರ್, ಕಟ್ಟಕಡೆಗೆ ಆಂಪ್ಲಿಫೈಯರ್ ಅಥವಾ ಪವರ್ಡ್ ಸ್ಪೀಕರ್. ಆರಿಸುವಾಗ ಇದರ ತಿರುವು, ಸ್ಪೀಕರ್ ಮೊದಲು. ಮಿಕ್ಸರ್ ಹೊತ್ತುವಾಗ, ಆರುವಾಗ ಏಳುವ ‘ಢಬ್’ ಸ್ಪೀಕರ್‌ವರೆಗೆ ತಲುಪಬಾರದು ಎಂಬುದೇ ಇದರ ಕಾರಣ.

ಕಂಡೆನ್ಸರ್ ಮೈಕ್ ಇದ್ದರೆ ಫ್ಯಾಂಟಮ್ ಪವರ್ ಬೇಕು. ಅದೇ ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ಮಿಕ್ಸರ್‌ನಿಂದ ಮೈಕ್ ಕಡೆಗೆ ಸಾಗುವ 48 ವೋಲ್ಟ್. ಡಿಐ ಬಾಕ್ಸ್‌ಗಳಲ್ಲೂ ಕೆಲವು ಇದನ್ನು ಕೇಳುತ್ತವೆ. ಶೂರ್ ಎಸ್‌ಎಂ58ನಂಥ ಡೈನಮಿಕ್ ಮೈಕ್‌ಗೆ ಇದು ಬೇಡ. ಇದ್ದರೂ, ಕೇಬಲ್ ಸರಿಯಿದ್ದರೆ, ಕೆಡುಕಿಲ್ಲ. ಆದ್ದರಿಂದ ಒಂದೇ ಸ್ವಿಚ್‌ನಲ್ಲಿ ಎಲ್ಲ ಚಾನಲ್‌ಗಳಿಗೂ ಫ್ಯಾಂಟಮ್ ಹೋಗುವ ಮಿಕ್ಸರ್‌ನಲ್ಲಿ ಎರಡೂ ಜಾತಿಯ ಮೈಕ್‌ಗಳನ್ನು ಜೊತೆಗೆ ಬಳಸಬಹುದು. ಹಳೆಯ ರಿಬ್ಬನ್ ಮೈಕ್ ಇದ್ದರೆ ಮಾತ್ರ ಹುಷಾರು, ಕೇಬಲ್‌ನಲ್ಲಿ ದೋಷವಿದ್ದರೆ ಅದರ ತೆಳುಪಟ್ಟಿ ಹಾಳಾಗಬಹುದು. ಫ್ಯಾಂಟಮ್ ಹಾಕುವಾಗಲೂ ತೆಗೆಯುವಾಗಲೂ ಆ ಚಾನಲ್ ಮ್ಯೂಟ್ ಆಗಿರಲಿ. ಫ್ಯಾಂಟಮ್ ಇರುವಾಗ ಕೇಬಲ್ ಕೀಳಬೇಡಿ.

ಗೇನ್: ಎಲ್ಲದರ ತಳಪಾಯ

ಗೇನ್ ಮತ್ತು ಫೇಡರ್ ಎರಡನ್ನೂ ‘ವಾಲ್ಯೂಮ್’ ಎಂದು ತಿಳಿಯುವುದರಿಂದಲೇ ಗೊಂದಲ ಶುರು. ಗೇನ್ ಹೇಳುವುದು ಮಿಕ್ಸರ್‌ನ ಒಳಕ್ಕೆ ಎಷ್ಟು ಬರಬೇಕು ಎಂದು. ಫೇಡರ್ ಹೇಳುವುದು ಹೊರಕ್ಕೆ ಎಷ್ಟು ಹೋಗಬೇಕು ಎಂದು. ಗೇನ್ ಕಡಿಮೆಯಾದರೆ ಸಿಗ್ನಲ್ ಉಪಕರಣದ ಸ್ವಂತ ‘ಸ್’ ಸದ್ದಿನ ಸಮೀಪಕ್ಕೆ ಇಳಿಯುತ್ತದೆ. ಅದನ್ನು ಮುಂದೆ ಎಲ್ಲಿ ಏರಿಸಿದರೂ ಆ ಸದ್ದೂ ಜೊತೆಗೇ ಏರುತ್ತದೆ. ಗೇನ್ ಹೆಚ್ಚಾದರೆ ಅಲೆಯ ನೆತ್ತಿ ಸವರಿಹೋಗಿ ಧ್ವನಿ ಒಡೆಯುತ್ತದೆ. ಒಡೆದ ಧ್ವನಿಯನ್ನು ಫೇಡರ್ ಇಳಿಸಿ ಸಣ್ಣದು ಮಾಡಬಹುದೇ ಹೊರತು ಒಡಕನ್ನು ಮುಚ್ಚಲಾಗದು.

ಹೊಂದಿಸುವ ಕ್ರಮ ಹೀಗೆ. ಚಾನಲ್‌ನ ಪಿಎಫ್‌ಎಲ್ ಅಥವಾ ಸೋಲೊ ಸ್ವಿಚ್ ಒತ್ತಿ. ಆಗ ಮೀಟರ್ ಫೇಡರ್‌ಗೆ ಮೊದಲಿನ ಸಿಗ್ನಲ್ಲನ್ನು, ಆ ಒಂದೇ ಚಾನಲ್‌ನದ್ದನ್ನು, ತೋರಿಸುತ್ತದೆ. ಹಾಡುವವರಿಗೆ ‘ಹಲೋ ಹಲೋ’ ಎನ್ನಬೇಡಿ ಎಂದು ಹೇಳಿ. ಅವರ ಹಾಡಿನಲ್ಲೇ ಅತಿ ಜೋರಾಗಿ ಹಾಡುವ ಸಾಲನ್ನು, ಹಿಡಿಯುವ ರೀತಿಯಲ್ಲೇ ಮೈಕ್ ಹಿಡಿದು ಹಾಡಿಸಿ. ಗೇನನ್ನು ನಿಧಾನವಾಗಿ ಏರಿಸುತ್ತ ಹೋಗಿ. ಅನಲಾಗ್ ಮಿಕ್ಸರ್‌ನಲ್ಲಿ ಮೀಟರ್ ಸರಾಸರಿ 0 ಹತ್ತಿರ ಆಡುತ್ತಿರಲಿ, ಜೋರು ಸ್ವರಕ್ಕೆ +6ರವರೆಗೆ ಚಿಮ್ಮಲಿ. ಕೆಂಪು ದೀಪ ಹೊತ್ತಬಾರದು. ಡಿಜಿಟಲ್ ಮಿಕ್ಸರ್‌ನ ಮೀಟರ್ ಬೇರೆ ಲೆಕ್ಕದ್ದು: ಅಲ್ಲಿ 0 ಎಂದರೆ ಛಾವಣಿ, ಅದರಾಚೆ ಏನೂ ಇಲ್ಲ. ಸರಾಸರಿ −18 ಆಸುಪಾಸು, ಶಿಖರಗಳು −10 ಅಥವಾ −6ರ ಒಳಗೆ ಇದ್ದರೆ ನೆಮ್ಮದಿ.

ಆಮೇಲೆ ಪಿಎಫ್‌ಎಲ್ ಬಿಡಿಸಿ ಮುಂದಿನ ಚಾನಲ್‌ಗೆ. ತಾಲೀಮಿನಲ್ಲಿ ಹಾಡುವುದಕ್ಕಿಂತ ಜನರ ಮುಂದೆ ಎಲ್ಲರೂ ಜೋರಾಗಿಯೇ ಹಾಡುತ್ತಾರೆ, ಬಾರಿಸುತ್ತಾರೆ. ಅದಕ್ಕೆ ಆರು ಡೆಸಿಬೆಲ್‌ನಷ್ಟು ಜಾಗ ಬಿಟ್ಟಿರುವುದು ನನ್ನ ರೂಢಿ.

ಈಗ ಮೇನ್ ಫೇಡರನ್ನು 0 ಗುರುತಿಗೆ ತನ್ನಿ, ಆಂಪ್ಲಿಫೈಯರ್ ಇಳಿಸಿಟ್ಟಿರಿ. ಮುಖ್ಯ ಗಾಯಕರ ಚಾನಲ್ ಫೇಡರ್ ಕೂಡ 0ಗೆ. ಆಂಪ್ಲಿಫೈಯರ್ ಅಥವಾ ಸ್ಪೀಕರ್‌ನ ಗುಂಡಿಯನ್ನು ಮೆಲ್ಲನೆ ಏರಿಸುತ್ತ ಸಭಾಂಗಣಕ್ಕೆ ಸಾಕೆನ್ನಿಸಿದಲ್ಲಿ ನಿಲ್ಲಿಸಿ. ಇದನ್ನು ತಿರುವುಮುರುವಾಗಿ, ಅಂದರೆ ಸ್ಪೀಕರ್ ಪೂರ್ತಿ ಏರಿಸಿ ಮೇನ್ ಫೇಡರನ್ನು ತಳದಲ್ಲಿ ಇಟ್ಟುಕೊಂಡು ನಡೆಸುವವರು ಬಹಳ ಮಂದಿ. ಅದರಲ್ಲಿ ಎರಡು ನಷ್ಟ: ಮಿಕ್ಸರ್‌ನ ಗದ್ದಲ ಪೂರ್ತಿ ದೊಡ್ಡದಾಗಿ ಕೇಳುತ್ತದೆ; ಫೇಡರ್‌ನ ತಳಭಾಗದಲ್ಲಿ ಬೆರಳು ಒಂದಿಷ್ಟು ಸರಿದರೂ ಹತ್ತು ಡೆಸಿಬೆಲ್ ಜಿಗಿಯುತ್ತದೆ. 0 ಗುರುತಿನ ಸುತ್ತ ಫೇಡರ್ ಸೂಕ್ಷ್ಮವಾಗಿ ಕೆಲಸ ಮಾಡುತ್ತದೆ, ಒಂದು ಸೆಂಟಿಮೀಟರ್ ಸರಿಸಿದರೆ ನಾಲ್ಕೈದು ಡೆಸಿಬೆಲ್, ಅಷ್ಟೆ.

ಒಮ್ಮೆ ಹೊಂದಿಸಿದ ಗೇನನ್ನು ಕಾರ್ಯಕ್ರಮ ನಡೆಯುವಾಗ ಮುಟ್ಟಬೇಡಿ. ಆ ತೂಬಿನಿಂದಲೇ ಎಲ್ಲ ಕಿರುಗಾಲುವೆಗಳಿಗೂ ನೀರು. ಜನರಿಗಾಗಿ ಗೇನ್ ಏರಿಸಿದರೆ ಹಾಡುವವರು ತಮ್ಮ ಧ್ವನಿ ಕೇಳಿಕೊಳ್ಳುವ ವೇದಿಕೆಯ ಮಾನಿಟರ್ ಸ್ಪೀಕರ್ ಕೂಡ ಏರಿ ಅಲ್ಲಿ ಕೂಗು (ಫೀಡ್‌ಬ್ಯಾಕ್) ಏಳುತ್ತದೆ. ಕೆಂಪು ದೀಪ ಹೊತ್ತುತ್ತಿದ್ದರೆ ಮಾತ್ರ ಇಳಿಸಿ.

ಮೊದಲು ಲೋ ಕಟ್, ಆಮೇಲೆ ಈಕ್ವಲೈಜರ್

80 ಅಥವಾ 100 ಹರ್ಟ್ಜ್ ಎಂದು ಬರೆದಿರುವ ಲೋ ಕಟ್ ಸ್ವಿಚ್ ಮಿಕ್ಸರ್‌ನ ಅತ್ಯಂತ ಉಪಯುಕ್ತ ಸ್ವಿಚ್ ಎಂದು ನನ್ನ ನಂಬಿಕೆ. ಮೈಕ್ ಸ್ಟ್ಯಾಂಡಿಗೆ ಕಾಲು ತಾಗಿದ ಸದ್ದು, ವೇದಿಕೆಯ ಹಲಗೆಯ ಗುಡುಗು, ಫ್ಯಾನ್ ಗಾಳಿ, ‘ಪ’ಕಾರದ ಉಸಿರು ಎಲ್ಲವೂ ಅದರ ಕೆಳಗೇ ಇರುತ್ತವೆ. ಬಾಸ್ ಗಿಟಾರ್, ಕಿಕ್ ಡ್ರಮ್, ಕೀಬೋರ್ಡ್ ಬಿಟ್ಟು ಮಿಕ್ಕೆಲ್ಲ ಮೈಕ್‌ಗಳಿಗೂ ಒತ್ತಿಬಿಡಿ.

ಈಕ್ವಲೈಜರ್‌ನಲ್ಲಿ ಏರಿಸುವ ಮೊದಲು ಇಳಿಸಿ ನೋಡಿ. ಧ್ವನಿ ಸ್ಪಷ್ಟವಿಲ್ಲ ಎಂದ ಕೂಡಲೆ ಹೈ ಗುಂಡಿಗೆ ಕೈ ಹೋಗುತ್ತದೆ; ಅದರ ಬದಲು 250ರಿಂದ 400 ಹರ್ಟ್ಜ್ ಭಾಗವನ್ನು ಮೂರು ಡೆಸಿಬೆಲ್ ಇಳಿಸಿದರೆ ಮಬ್ಬು ಸರಿದು ಅಕ್ಷರಗಳು ತಾವಾಗಿ ಮುಂದೆ ಬರುತ್ತವೆ. ಮೈಕನ್ನು ತುಟಿಗೆ ಒತ್ತಿ ಹಿಡಿದಷ್ಟೂ ಬಾಸ್ ಹೆಚ್ಚುತ್ತದೆ. ಒಂದೇ ದಿಕ್ಕಿನ ಧ್ವನಿ ಹಿಡಿಯುವ ಮೈಕ್‌ಗಳ ಸ್ವಭಾವವೇ ಅದು. ಅಂಥವರಿಗೆ ಲೋ ಗುಂಡಿ ಕೊಂಚ ಇಳಿಸಬೇಕು. 2ರಿಂದ 4 ಕಿಲೋಹರ್ಟ್ಜ್ ನಡುವೆ ಮಾತಿನ ಸ್ಪಷ್ಟತೆಯೂ ಇದೆ, ಕಿವಿ ಕೊರೆಯುವ ಕರ್ಕಶತೆಯೂ ಇದೆ. 5ರಿಂದ 8ರ ನಡುವೆ ‘ಸ’, ‘ಶ’ಗಳ ಸೀಳು. ಈ ಅಂಕಿಗಳು ದಿಕ್ಕು ತೋರಿಸಲಷ್ಟೆ, ತೀರ್ಪು ಕಿವಿಯದ್ದು. ಒಂದು ಚಾನಲ್ಲನ್ನು ಒಂಟಿಯಾಗಿ ಕೇಳಿ ಚಂದಗಾಣಿಸುವುದಕ್ಕಿಂತ ಎಲ್ಲ ವಾದ್ಯಗಳು ಜೊತೆಗಿರುವಾಗ ಅದು ತನ್ನ ಜಾಗದಲ್ಲಿ ಕೂರುತ್ತದೆಯೇ ಎಂದು ಕೇಳಿ.

ವೇದಿಕೆಯಲ್ಲಿ: ಮಾನಿಟರ್ ಮತ್ತು ಕೂಗು

ಮಾನಿಟರ್‌ಗೆ ಹೋಗುವ ಆಕ್ಸ್ ‘ಪ್ರೀ’ ಇರಬೇಕು, ಅಂದರೆ ಫೇಡರ್‌ಗೆ ಮೊದಲೇ ಕವಲೊಡೆಯಬೇಕು. ಆಗ ಜನರಿಗಾಗಿ ನೀವು ಫೇಡರ್ ಏರಿಸಿ ಇಳಿಸಿದರೂ ಹಾಡುವವರ ಕಿವಿಗೆ ಬೀಳುವುದು ಬದಲಾಗದು. ಧ್ವನಿಗೆ ಮಾರ್ದನಿ ಸೇರಿಸುವ ರಿವರ್ಬ್, ಎಕೋಗಳಿಗೆ ಹೋಗುವ ಆಕ್ಸ್ ‘ಪೋಸ್ಟ್’, ಅಂದರೆ ಫೇಡರ್ ದಾಟಿದ ಮೇಲೆ, ಇರಬೇಕು. ಇಲ್ಲವಾದರೆ ಫೇಡರ್ ಪೂರ್ತಿ ಇಳಿಸಿದ ಮೇಲೂ ಧ್ವನಿಯ ನೆರಳು ಮಾತ್ರ ತೇಲುತ್ತಿರುತ್ತದೆ.

ಕೂಗು ಏಳುವುದೇಕೆ? ಸ್ಪೀಕರ್‌ನ ಧ್ವನಿ ಮತ್ತೆ ಮೈಕ್‌ಗೆ ಬಂದು, ಮಿಕ್ಸರ್ ಹಾದು, ಇನ್ನಷ್ಟು ಬಲದಿಂದ ಅದೇ ಸ್ಪೀಕರ್‌ನಿಂದ ಹೊರಬಿದ್ದು, ಮತ್ತೆ ಮೈಕ್‌ಗೆ ಬಂದು ಸುತ್ತು ಹಾಕತೊಡಗುತ್ತದೆ. ಸುತ್ತಿನಿಂದ ಸುತ್ತಿಗೆ ಕುಗ್ಗದ ಸ್ವರ ಯಾವುದೋ ಅದೇ ‘ಕುಂಯ್’ ಎನ್ನುತ್ತದೆ. ಇದಕ್ಕೆ ಮದ್ದು ಮಿಕ್ಸರ್‌ಗಿಂತ ಮೊದಲು ವೇದಿಕೆಯ ಮೇಲಿದೆ. ಮುಖ್ಯ ಸ್ಪೀಕರ್‌ಗಳು ಮೈಕ್‌ಗಳಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಲಿ. ಮೈಕ್ ಬಾಯಿಗೆ ಹತ್ತಿರವಿರಲಿ: ದೂರ ಅರ್ಧಕ್ಕೆ ಇಳಿದರೆ ಸುಮಾರು ಆರು ಡೆಸಿಬೆಲ್ ಲಾಭ, ಅಷ್ಟನ್ನು ಯಾವ ಈಕ್ವಲೈಜರೂ ಕೊಡಲಾರದು. ಮುಂದಿನ ಧ್ವನಿಯನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕ್‌ಗೆ ನೇರ ಬೆನ್ನ ಹಿಂದೆ ಕಿವುಡು, ಆದ್ದರಿಂದ ಮಾನಿಟರ್ ಅದರ ಬೆನ್ನಿಗೆ ಎದುರಾಗಿರಲಿ. ಇನ್ನೂ ಕಿರಿದಾಗಿ ಹಿಡಿಯುವ ಸೂಪರ್ ಕಾರ್ಡಿಯಾಯ್ಡ್‌ಗೆ ಕಿವುಡು ಜಾಗ ಹಿಂದಿನ ಎರಡು ಓರೆಗಳಲ್ಲಿ, ಮುಂಭಾಗದಿಂದ ಅಳೆದರೆ ಸುಮಾರು 126 ಡಿಗ್ರಿಯಲ್ಲಿ. ಅದಕ್ಕೆ ಮಾನಿಟರ್ ಓರೆಯಾಗಿರಬೇಕು. ಮೈಕ್‌ನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವವರಿಗೆ ಸೌಜನ್ಯದಿಂದ ತಿಳಿಹೇಳಿ. ಹಿಂಬದಿಯ ರಂಧ್ರಗಳು ಮುಚ್ಚಿದರೆ ಮೈಕ್ ಎಲ್ಲ ದಿಕ್ಕಿನಿಂದಲೂ ಧ್ವನಿ ಹಿಡಿಯತೊಡಗಿ ಕೂಗು ಖಚಿತ.

ತೆರೆದ ಮೈಕ್‌ಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ ಕೂಗು ಏಳುವ ಮೊದಲು ಧ್ವನಿ ಏರಿಸಲು ಇರುವ ಅವಕಾಶ ಸುಮಾರು ಮೂರು ಡೆಸಿಬೆಲ್ ಕುಗ್ಗುತ್ತದೆ. ಒಂದು ಮೈಕ್ ಸಾಕಾಗುವಲ್ಲಿ ನಾಲ್ಕು ತೆರೆದಿಟ್ಟರೆ ಆರು ಡೆಸಿಬೆಲ್ ಕೈಬಿಟ್ಟಂತೆ. ಮಾತಾಡದವರ ಮೈಕ್ ಮ್ಯೂಟ್ ಮಾಡುತ್ತಿರುವುದೇ ಆಪರೇಟರ್‌ನ ನಿಜವಾದ ಕೆಲಸ.

ಸಭಾಂಗಣ ಖಾಲಿಯಿರುವಾಗಲೇ ಮಾನಿಟರ್ ಪರೀಕ್ಷಿಸಿ. ಆಕ್ಸ್ ಮಾಸ್ಟರನ್ನು, ಅಂದರೆ ಆ ಆಕ್ಸ್‌ನ ಒಟ್ಟು ಧ್ವನಿಯ ಗುಂಡಿಯನ್ನು, ಮೆಲ್ಲನೆ ಏರಿಸಿ, ಕೂಗು ಮೊಳೆಯುವ ಹೊತ್ತಿಗೆ ನಿಲ್ಲಿಸಿ. ಪ್ರತಿ ಸ್ವರಭಾಗಕ್ಕೂ ಒಂದೊಂದು ಜಾರುಪಟ್ಟಿ ಇರುವ ಗ್ರಾಫಿಕ್ ಈಕ್ವಲೈಜರ್ ಇದ್ದರೆ ಆ ಸ್ವರದ ಪಟ್ಟಿಯನ್ನು ಹುಡುಕಿ ಮೂರು ಡೆಸಿಬೆಲ್ ಇಳಿಸಿ, ಮತ್ತೆ ಏರಿಸಿ. ಮೂರು ನಾಲ್ಕು ಸ್ವರಗಳಾದ ಮೇಲೆ ನಿಲ್ಲಿಸಿಬಿಡಿ. ಅದಕ್ಕಿಂತ ಮುಂದೆ ಹೋದರೆ ಧ್ವನಿಯ ಜೀವವೇ ಹೋಗುತ್ತದೆ. ಕೊನೆಗೆ ಮಾಸ್ಟರನ್ನು ಐದಾರು ಡೆಸಿಬೆಲ್ ಇಳಿಸಿ ಇಟ್ಟುಕೊಳ್ಳಿ.

ಪ್ಯಾನ್ ವಿಷಯ ಚಿಕ್ಕದು. ದೊಡ್ಡ ಸಭಾಂಗಣದಲ್ಲಿ ಎಡಗಡೆ ಕೂತವರಿಗೆ ಬಲಗಡೆಯ ಸ್ಪೀಕರ್ ಸರಿಯಾಗಿ ಕೇಳಿಸದು. ಮುಖ್ಯವಾದುದನ್ನೆಲ್ಲ ನಡುವೆಯೇ ಬಿಡಿ.

ರಿವರ್ಬ್ ವಿಷಯದಲ್ಲಿ ಎರಡು ಎಚ್ಚರ. ರಿವರ್ಬ್ ವಾಪಸ್ ಬರುವ ಚಾನಲ್‌ನ ಅದೇ ಆಕ್ಸ್ ಗುಂಡಿ ಸೊನ್ನೆಯಲ್ಲಿರಲಿ, ಇಲ್ಲದಿದ್ದರೆ ಅದು ತನಗೇ ತಾನು ಸುತ್ತಿಕೊಂಡು ಮೊರೆಯುತ್ತದೆ. ಹಾಡು ಮುಗಿದು ಮಾತು ಶುರುವಾದ ಕೂಡಲೆ ರಿವರ್ಬ್ ಮ್ಯೂಟ್ ಮಾಡಿ. ಹಾಡಿಗೆ ಮೆರುಗು ಕೊಟ್ಟದ್ದೇ ಮಾತಿಗೆ ಮಂಜಾಗುತ್ತದೆ.

ಒಂದು ಬಿಳಿ ಟೇಪನ್ನು ಫೇಡರ್‌ಗಳ ಕೆಳಗೆ ಉದ್ದಕ್ಕೆ ಅಂಟಿಸಿ ಪ್ರತಿ ಚಾನಲ್‌ನ ಹೆಸರು ಬರೆಯಿರಿ. ಕತ್ತಲಲ್ಲಿ, ಅವಸರದಲ್ಲಿ, ನೆನಪು ಕೈಕೊಡುತ್ತದೆ. ಆಮೇಲೆ ಎದ್ದು ಹಿಂದಿನ ಸಾಲಿನವರೆಗೆ ನಡೆದು ಕೇಳಿ ಬನ್ನಿ. ಮಿಕ್ಸರ್ ಇರುವ ಜಾಗದಲ್ಲಿ ಚೆನ್ನಾಗಿ ಕೇಳಿದರೆ ಸಾಲದು. ಧ್ವನಿ ಎಷ್ಟಿರಬೇಕು ಎಂಬುದಕ್ಕೂ ಒಂದು ಅಳತೆಯಿದೆ: ಕೆಲಸಗಾರರ ಆರೋಗ್ಯ, ಸುರಕ್ಷತೆಗಾಗಿ ಇರುವ ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಪ್ರತಿ ಮೂರು ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ ಆದರೆ 15 ನಿಮಿಷ. ಮುಂದಿನ ಸಾಲಿನಲ್ಲಿ ಮಕ್ಕಳು ಕೂತಿರುತ್ತಾರೆ ಎಂಬುದು ನೆನಪಿರಲಿ.

ಅದೇ ಮಿಕ್ಸರ್ ಮನೆಯಲ್ಲಿ

ಮನೆಗೆ ಬಂದರೆ ಆಟದ ನಿಯಮ ಬದಲಾಗುತ್ತದೆ. ವೇದಿಕೆಯಲ್ಲಿ ಧ್ವನಿ ಈ ಕ್ಷಣಕ್ಕೆ ಸರಿಯಿರಬೇಕು, ಕೂಗಿನ ಭಯ ಸದಾ ಬೆನ್ನಿಗೆ. ಮನೆಯಲ್ಲಿ ತೀರ್ಮಾನಗಳನ್ನು ನಾಳೆಗೆ ಬಿಡಬಹುದು. ಆದ್ದರಿಂದ ರೆಕಾರ್ಡ್ ಮಾಡುವಾಗ ಈಕ್ವಲೈಜರ್ ಬಹುಪಾಲು ನಡುವಿನಲ್ಲೇ ಇರಲಿ, ರಿವರ್ಬ್ ರೆಕಾರ್ಡ್ ಆಗದಿರಲಿ. ಅವನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಎಷ್ಟು ಸಲ ಬೇಕಾದರೂ ಸೇರಿಸಬಹುದು, ಒಮ್ಮೆ ಬೆರೆತದ್ದನ್ನು ತೆಗೆಯಲು ಹೋದರೆ ಧ್ವನಿಯೇ ಗಾಯಗೊಳ್ಳುತ್ತದೆ.

ಯುಎಸ್‌ಬಿ ಇರುವ ಮಿಕ್ಸರ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ: ಎಷ್ಟು ಚಾನಲ್ ಬೇರೆಬೇರೆಯಾಗಿ ಕಂಪ್ಯೂಟರ್‌ಗೆ ಹೋಗುತ್ತವೆ? ಹನ್ನೆರಡು ಚಾನಲ್‌ಗಳ ಮಿಕ್ಸರ್ ಆದರೂ ಯುಎಸ್‌ಬಿಯಲ್ಲಿ ಬರೀ ಎಡ ಬಲ ಎರಡೇ ಹೋಗುವ ಮಾದರಿಗಳು ಬೇಕಾದಷ್ಟಿವೆ. ಅದರಲ್ಲಿ ಹಾಡು, ಗಿಟಾರ್, ಕೊಳಲು ಎಲ್ಲ ಬೆರೆತೇ ದಾಖಲಾಗುತ್ತದೆ, ಬೇರ್ಪಡಿಸಲಾಗದು. ಒಬ್ಬರೇ ಒಂದಾದ ಮೇಲೊಂದು ಟ್ರ್ಯಾಕ್ ಮಾಡುವವರಿಗೆ ಇದು ಸಾಕು. ನಾಲ್ಕು ಜನ ಜೊತೆಗೆ ನುಡಿಸುವುದನ್ನು ದಾಖಲಿಸಬೇಕಾದರೆ ಮಲ್ಟಿಟ್ರ್ಯಾಕ್ ಮಾದರಿಯೇ ಬೇಕು. ಎರಡೇ ಚಾನಲ್ ಇದ್ದಾಗ ಒಂದು ಉಪಾಯವಿದೆ: ಹಾಡನ್ನು ಪೂರ್ತಿ ಎಡಕ್ಕೂ ಗಿಟಾರನ್ನು ಪೂರ್ತಿ ಬಲಕ್ಕೂ ಪ್ಯಾನ್ ಮಾಡಿ, ಕಂಪ್ಯೂಟರ್‌ನಲ್ಲಿ ಎರಡು ಮೋನೊ ಟ್ರ್ಯಾಕ್‌ಗಳಾಗಿ ಹಿಡಿದುಕೊಳ್ಳಿ.

ಸಾಫ್ಟ್‌ವೇರ್‌ನಲ್ಲಿ 24 ಬಿಟ್, 48 ಕಿಲೋಹರ್ಟ್ಜ್ ಆರಿಸಿ. 16 ಬಿಟ್‌ನಲ್ಲಿ ಸುಮಾರು 96 ಡೆಸಿಬೆಲ್ ವ್ಯಾಪ್ತಿ, 24ರಲ್ಲಿ ಲೆಕ್ಕದ ಪ್ರಕಾರ 144. ಅಷ್ಟು ವ್ಯಾಪ್ತಿಯಿರುವಾಗ ಮೀಟರನ್ನು ಕೆಂಪಿನ ಅಂಚಿಗೆ ಒತ್ತುವ ಅಗತ್ಯವೇ ಇಲ್ಲ. ಮೆಲ್ಲಗೆ ದಾಖಲಾದದ್ದನ್ನು ಆಮೇಲೆ ಏರಿಸಬಹುದು, 0 ದಾಟಿ ಸವರಿಹೋದದ್ದು ಬಾರದು.

ಹಾಡುತ್ತಿರುವಾಗ ಹೆಡ್‌ಫೋನ್‌ನಲ್ಲಿ ನಿಮ್ಮ ಧ್ವನಿ ತಡವಾಗಿ ಕೇಳಿಸಿದರೆ ಅದು ಕಂಪ್ಯೂಟರ್‌ಗೆ ಹೋಗಿ ಬರುವ ಸಮಯ. 48 ಕಿಲೋಹರ್ಟ್ಜ್‌ನಲ್ಲಿ 256 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಧ್ವನಿಯ ತುಣುಕು) ಎಂದರೆ 5.3 ಮಿಲಿಸೆಕೆಂಡ್, ಹೋಗಿ ಬರಲು ಅದರ ಎರಡರಷ್ಟಕ್ಕೂ ಮಿಕ್ಕಿ. ಗಾಳಿಯಲ್ಲಿ ಧ್ವನಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದರೆ ನಾಲ್ಕು ಮೀಟರ್ ಆಚೆ ನಿಂತು ನಿಮ್ಮದೇ ಹಾಡು ಕೇಳಿದ ಹಾಗೆ. ವಾದ್ಯ ನುಡಿಸುವವರು ಇದಕ್ಕೆ ಹೊಂದಿಕೊಂಡಾರು, ಹಾಡುವವರಿಗೆ ಕಿರಿಕಿರಿ. ಮಿಕ್ಸರ್ ಇರುವವರಿಗೆ ಪರಿಹಾರ ಕೈಯಲ್ಲೇ ಇದೆ: ಹೆಡ್‌ಫೋನನ್ನು ಮಿಕ್ಸರ್‌ಗೇ ಹಾಕಿ, ಸಾಫ್ಟ್‌ವೇರ್‌ನಲ್ಲಿ ಆ ಟ್ರ್ಯಾಕ್‌ನ ಮಾನಿಟರ್ ಆಫ್ ಮಾಡಿ. ನಿಮ್ಮ ಧ್ವನಿ ಕಂಪ್ಯೂಟರ್ ಹಾದುಹೋಗದೆ ನೇರ ಕಿವಿಗೆ ಬರುತ್ತದೆ.

ಇಲ್ಲಿ ಹಲವರು ಸಿಕ್ಕಿಬೀಳುವುದು ಸುತ್ತು ಹಾಕುವ ಧ್ವನಿಯಲ್ಲಿ. ಕಂಪ್ಯೂಟರ್‌ನಿಂದ ವಾಪಸ್ ಬರುವ ಸಂಗೀತ ಮಿಕ್ಸರ್‌ನ ಮೇನ್‌ಗೆ ಸೇರಿ, ಆ ಮೇನ್ ಮತ್ತೆ ಯುಎಸ್‌ಬಿ ಹಾದು ಕಂಪ್ಯೂಟರ್‌ಗೆ ಹೋದರೆ ಹಳೆಯ ಟ್ರ್ಯಾಕ್ ಹೊಸ ಟ್ರ್ಯಾಕಿನೊಳಗೆ ದಾಖಲಾಗುತ್ತದೆ. ವಾಪಸ್ ಬರುವುದನ್ನು ಮೇನ್ ಬಿಟ್ಟು ಹೆಡ್‌ಫೋನ್ ಅಥವಾ ಕಂಟ್ರೋಲ್ ರೂಮ್‌ಗೆ ಮಾತ್ರ ಕಳುಹಿಸುವ ಸ್ವಿಚ್ ಬಹಳ ಮಿಕ್ಸರ್‌ಗಳಲ್ಲಿದೆ, ಕೈಪಿಡಿಯಲ್ಲಿ ಅದೊಂದನ್ನಾದರೂ ಹುಡುಕಿ ಓದಿ.

ಮೈಕ್ ಎಲ್ಲಿಡಬೇಕು? ಬಾಯಿಂದ 15–20 ಸೆಂಟಿಮೀಟರ್, ನಡುವೆ ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರ್, ಮೈಕ್ ತುಸು ಓರೆ. ಬರಿಗೋಡೆಯ ಕೋಣೆಗಿಂತ ಬಟ್ಟೆ ತುಂಬಿದ ಕಪಾಟು, ಹಾಸಿಗೆ, ದಪ್ಪ ಪರದೆ ಇರುವ ಕೋಣೆ ಎಷ್ಟೋ ಮೇಲು. ಹಾಡುವವರ ಬೆನ್ನ ಹಿಂದೆ ದಪ್ಪ ರಜಾಯಿ ನೇತುಹಾಕಿ. ಮೈಕ್ ನೋಡುತ್ತಿರುವುದು ಆ ಕಡೆಯನ್ನೇ ತಾನೆ? ಎರಡು ಮೈಕ್ ಬಳಸುವುದಾದರೆ ಅವುಗಳ ನಡುವಿನ ಅಂತರ, ಮೈಕ್‌ನಿಂದ ಬಾಯಿಗೆ ಅಥವಾ ವಾದ್ಯಕ್ಕೆ ಇರುವ ದೂರದ ಮೂರರಷ್ಟಾದರೂ ಇರಲಿ. ಇಲ್ಲದಿದ್ದರೆ ಒಂದೇ ಧ್ವನಿ ಎರಡು ಕಡೆ ಹಿಂದುಮುಂದಾಗಿ ಬಂದು ಬೆರೆತಾಗ ಟೊಳ್ಳಾಗುತ್ತದೆ.

ಕಾರ್ಯಕ್ರಮವನ್ನೇ ಮಿಕ್ಸರ್‌ನಿಂದ ರೆಕಾರ್ಡ್ ಮಾಡುವವರಿಗೆ ಒಂದು ಮಾತು. ಮೇನ್‌ನಿಂದ ತೆಗೆದ ರೆಕಾರ್ಡಿಂಗ್ ಮನೆಗೆ ಬಂದು ಕೇಳಿದರೆ ಬರೀ ಹಾಡು, ಡ್ರಮ್ ಎಲ್ಲೋ ದೂರ. ಡ್ರಮ್ ವೇದಿಕೆಯಿಂದಲೇ ಜೋರಾಗಿ ಕೇಳುವುದರಿಂದ ನೀವು ಅದರ ಫೇಡರ್ ಏರಿಸಿಯೇ ಇರುವುದಿಲ್ಲ. ಖಾಲಿಯಿರುವ ಒಂದು ಪ್ರೀ ಆಕ್ಸನ್ನು ರೆಕಾರ್ಡಿಂಗ್‌ಗೆಂದೇ ಮೀಸಲಿಟ್ಟು, ಹೆಡ್‌ಫೋನ್‌ನಲ್ಲಿ ಕೇಳುತ್ತ ಅದರ ಮಿಶ್ರಣವನ್ನು ಬೇರೆಯಾಗಿಯೇ ಮಾಡಿ.

ಏನೋ ಸರಿಯಿಲ್ಲ ಎನ್ನಿಸಿದಾಗ

ಸದ್ದೇ ಇಲ್ಲವೆ? ಪಿಎಫ್‌ಎಲ್ ಒತ್ತಿ ಮೀಟರ್ ನೋಡಿ. ಅಲ್ಲಿ ಸಿಗ್ನಲ್ ಇಲ್ಲದಿದ್ದರೆ ಮೈಕ್‌ನ ಸ್ವಿಚ್, ಕೇಬಲ್, ಫ್ಯಾಂಟಮ್, ಗೇನ್. ಇದ್ದರೆ ಮ್ಯೂಟ್, ಎಲ್-ಆರ್ ಸ್ವಿಚ್, ಫೇಡರ್, ಮೇನ್, ಆಂಪ್ಲಿಫೈಯರ್. ಕೇಬಲ್ ಮೇಲೆ ಅನುಮಾನ ಬಂದರೆ ಚೆನ್ನಾಗಿರುವುದೊಂದನ್ನು ಹಾಕಿ ನೋಡಿ. ಕೆಟ್ಟದ್ದಕ್ಕೆ ಅಲ್ಲೇ ಗಂಟು ಹಾಕಿಡಿ, ಇಲ್ಲವಾದರೆ ಮುಂದಿನ ವಾರ ಅದೇ ಕೈಗೆ ಬರುತ್ತದೆ.

‘ಗುಂಯ್’ ಎಂಬ ಒಂದೇ ಸಮನೆ ಸದ್ದು ಬಹುತೇಕ ಗ್ರೌಂಡ್ ಲೂಪ್. ಒಂದಕ್ಕೊಂದು ಜೋಡಿಸಿದ ಉಪಕರಣಗಳು ಬೇರೆಬೇರೆ ಪ್ಲಗ್‌ಗಳಿಂದ ಪವರ್ ಪಡೆದಾಗ ಅರ್ಥಿಂಗ್‌ಗೆ ಎರಡು ದಾರಿ ಸಿಕ್ಕಿ ವಿದ್ಯುತ್ತಿನ ಕಂಪನ ಧ್ವನಿಯೊಳಗೆ ನುಸುಳುತ್ತದೆ. ಸಾಧ್ಯವಾದಷ್ಟನ್ನೂ ಒಂದೇ ಮೂಲದಿಂದ ಪವರ್ ಕೊಡಿ, ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ ನೋಡಿ, ಲ್ಯಾಪ್‌ಟಾಪ್ ಇದ್ದರೆ ಚಾರ್ಜರ್ ಕಿತ್ತು ನೋಡಿ. ಪವರ್ ಕೇಬಲ್ ಮತ್ತು ಮೈಕ್ ಕೇಬಲ್ ಜೊತೆಜೊತೆಗೆ ಓಡದಿರಲಿ, ದಾಟಲೇಬೇಕಾದಲ್ಲಿ ಅಡ್ಡಕ್ಕೆ ದಾಟಲಿ. ಸದ್ದು ಹೋಗಲೆಂದು ಪ್ಲಗ್‌ನ ಅರ್ಥ್ ಪಿನ್ ಮುರಿಯುವುದನ್ನು, ತಂತಿ ಬಿಚ್ಚುವುದನ್ನು ಮಾತ್ರ ಎಂದಿಗೂ ಮಾಡಬೇಡಿ. ಕೈಯಲ್ಲಿ ಲೋಹದ ಮೈಕ್ ಹಿಡಿದು, ಅದಕ್ಕೆ ತುಟಿ ತಾಗಿಸಿ ಒಬ್ಬರು ನಿಂತಿರುತ್ತಾರೆ. ಎಲ್ಲೋ ಕರೆಂಟ್ ಸೋರಿದರೆ ಅವರ ಜೀವ ಉಳಿಸುವುದು ಆ ಅರ್ಥ್ ತಂತಿಯೇ.

ಧ್ವನಿ ಒಡೆಯುತ್ತಿದ್ದರೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಮೀಟರ್ ನೋಡುತ್ತ ಬನ್ನಿ, ಮೊದಲ ಕೆಂಪು ಎಲ್ಲಿ ಕಾಣುತ್ತದೋ ಅಲ್ಲೇ ಇಳಿಸಿ. ಎಲ್ಲವೂ ಹಸಿರಿದ್ದೂ ಒಡೆಯುತ್ತಿದ್ದರೆ ಸ್ಪೀಕರ್ ತನ್ನ ಶಕ್ತಿ ಮೀರಿ ದುಡಿಯುತ್ತಿದೆ ಎಂದರ್ಥ.

ಎಲ್ಲ ಮುಗಿದು, ಸರಿಯಾಗಿ ಕೂತ ಮಿಕ್ಸರ್‌ನ ಒಂದು ಫೋಟೊವನ್ನು ನೇರ ಮೇಲಿನಿಂದ ತೆಗೆದಿಟ್ಟುಕೊಳ್ಳಿ. ಡಿಜಿಟಲ್ ಆದರೆ ಸೀನ್, ಅಂದರೆ ಈ ಎಲ್ಲ ಹೊಂದಿಕೆಗಳನ್ನು, ಸೇವ್ ಮಾಡಿ. ಆಮೇಲೆ ಮೇನ್ ಇಳಿಸಿ, ಮೊದಲು ಸ್ಪೀಕರ್ ಆರಿಸಿ, ಫ್ಯಾಂಟಮ್ ತೆಗೆದು ಒಂದು ನಿಮಿಷ ಕಾದು ಮಿಕ್ಸರ್ ಆರಿಸಿ, ಆಮೇಲಷ್ಟೇ ಮೈಕ್‌ಗಳನ್ನು ಬಿಚ್ಚಿ.